ಕಲೆ ಕಂಡ ಮಾತ್ರಕ್ಕೆ ಗರ್ಭಚೀಲ ತೆಗೆಸಬೇಕಿಲ್ಲ: ಆಳಂದ ಸೀಮೆಯ ಒಂದು ತಪಾಸಣೆ ದಿನ

ಗರ್ಭಕಂಠದ, ಅಂದರೆ ಗರ್ಭಕೋಶದ ಬಾಯಿಯ, ಕ್ಯಾನ್ಸರ್ ತಪಾಸಣೆಯ ದಿನ ಬೆಳಿಗ್ಗೆ ಮೊದಲ ಕೆಲಸ ಆಸಿಡ್ ಬೆರೆಸುವುದು; ಅದನ್ನು ಹಚ್ಚಿದರೆ ಕ್ಯಾನ್ಸರ್‌ಗೆ ಮುಂಚಿನ ಕಲೆ ಬಿಳಿಯಾಗಿ ಕಾಣುತ್ತದೆ. 95 ಮಿ.ಲೀ. ಡಿಸ್ಟಿಲ್ಡ್ ವಾಟರ್‌ಗೆ 5 ಮಿ.ಲೀ. ಗ್ಲೇಷಿಯಲ್ ಅಸಿಟಿಕ್ ಆಸಿಡ್. ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರಲ್ಲ. ನಿನ್ನೆ ಉಳಿದದ್ದನ್ನು ಚೆಲ್ಲಿ ಹೊಸದು ಮಾಡಿಕೊಳ್ಳಬೇಕು; ಬಲ ಕುಗ್ಗಿದ್ದರೆ ಕಲೆ ಮೂಡದು, ಬೆರೆಸದೆ ಹಚ್ಚಿದರೆ ಒಳಗೆ ಸುಡುತ್ತದೆ.

ಆಳಂದ ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಗರ್ಭಕಂಠದ ತಪಾಸಣೆ. ತೊಗರಿ ರಾಶಿ ಮುಗಿದ ಮೇಲೆಯೇ ದಿನ ಗೊತ್ತು ಮಾಡಿದ್ದು, ರಾಶಿ ಹೊತ್ತಿನಲ್ಲಿ ಕರೆದರೆ ಯಾರು ಬರುತ್ತಾರೆ? 30 ದಾಟಿದವರಿಂದ 65ರವರೆಗಿನವರು ಬರಬಹುದು. ಮುಟ್ಟಾದವರು, ಬಸುರಿಯರು, ಹೆರಿಗೆಯಾಗಿ ಮೂರು ತಿಂಗಳು ತುಂಬದವರು ಆಮೇಲೆ ಬರಲಿ.

ಮೊದಲ ಸಾಲಿನಲ್ಲೇ ತಾಂಡಾದಿಂದ ಬಂದಿದ್ದ ಹೆಣ್ಣುಮಗಳು ಸಿಸ್ಟರ್ ಕೈ ಹಿಡಿದು ಕೇಳಿದಳು: "ಬಿಳಿ ಮುಟ್ಟು ಭಾಳ ಹೋಗ್ತದ ಸಿಸ್ಟರ್. ಚೀಲ ತೆಗಸು, ಇಲ್ಲಂದ್ರ ಕ್ಯಾನ್ಸರ್ ಆಗ್ತದ ಅಂದಾರ."

"ಯಾರ್ ಅಂದಾರ ಯಕ್ಕಾ?"

"ಪ್ಯಾಟ್ಯಾಗಿನ ದವಾಖಾನ್ಯಾಗ."

ಕಲಬುರಗಿ ಜಿಲ್ಲೆಯಲ್ಲಿ ಇದು ಹೊಸ ಮಾತೇನಲ್ಲ. ಬೇಡದ ಗರ್ಭಕೋಶ ಆಪರೇಷನ್‌ಗಳ ಬಗ್ಗೆ ತಾಂಡಾಗಳ ಹೆಂಗಸರು ಬೀದಿಗಿಳಿದು ಹೋರಾಡಿದ್ದಾರೆ, ತನಿಖೆಯೂ ಆಗಿದೆ. ಬಿಳಿ ಮುಟ್ಟಿಗೆ ಹೆಚ್ಚಿನ ಸಲ ಕಾರಣ ಮಾತ್ರೆಯಲ್ಲಿ ಹೋಗುವ ಸೋಂಕು. ಕ್ಯಾನ್ಸರ್‌ನ ದಾರಿಯೇ ಬೇರೆ, ಅದು ತೀರಾ ನಿಧಾನದ ದಾರಿ.

ಆ ಕ್ಯಾನ್ಸರ್‌ಗೆ ಮೂಲವಾದ ಎಚ್‌ಪಿವಿ ವೈರಸ್ ದೈಹಿಕ ಸಂಪರ್ಕದಿಂದ ಬರುತ್ತದೆ. ಸಂಸಾರ ಮಾಡುವ ಬಹುತೇಕ ಎಲ್ಲರಿಗೂ ಒಮ್ಮೆಯಾದರೂ ತಗಲುವಂಥದ್ದು. ಯಾವಾಗ, ಯಾರಿಂದ ಬಂತು ಎಂದು ಹೇಳಲು ಆಗುವುದಿಲ್ಲ, ಹಾಗಾಗಿ ಗಂಡ ಪುಣೆಗೆ ದುಡಿಯಲು ಹೋಗಿದ್ದನೆಂದು ಮನೆಯಲ್ಲಿ ಜಗಳ ತೆಗೆದು ಪ್ರಯೋಜನವಿಲ್ಲ. ಹತ್ತರಲ್ಲಿ ಒಂಬತ್ತು ಸೋಂಕುಗಳನ್ನು ಮೈ ಎರಡು ವರ್ಷದೊಳಗೆ ತಾನೇ ತೊಡೆದುಹಾಕುತ್ತದೆ. ಹಾಗೆ ಹೋಗದೆ ವರ್ಷಗಟ್ಟಲೆ ಉಳಿದುಬಿಡುವ ಸೋಂಕು, ಅದರಲ್ಲೂ 16 ಮತ್ತು 18ನೇ ನಮೂನೆಯದು, ಅಪಾಯದ್ದು. ಅದರ ಇ6, ಇ7 ಎಂಬ ಪ್ರೋಟೀನುಗಳು ಜೀವಕೋಶದ ಬೆಳವಣಿಗೆಗೆ ಕಡಿವಾಣ ಹಾಕುವ ಪಿ53 ಮತ್ತು ಆರ್‌ಬಿ ಪ್ರೋಟೀನುಗಳನ್ನು ನಿಷ್ಕ್ರಿಯಗೊಳಿಸುತ್ತವೆ. ಅಲ್ಲಿಂದ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15–20 ವರ್ಷ ಬೇಕು. ಎಚ್‌ಐವಿ ಇದ್ದು ಚಿಕಿತ್ಸೆ ಪಡೆಯದವರಲ್ಲಿ 5–10 ವರ್ಷ ಸಾಕು. ಈ ನಡುವಿನ ಕಾಲದಲ್ಲಿ ಕಲೆಯನ್ನು ಹಿಡಿಯುವುದೇ ತಪಾಸಣೆಯ ಕೆಲಸ.

ಹೆಚ್ಚಿನ ಕಲೆಗಳು ಹುಟ್ಟುವುದು ಗರ್ಭಕಂಠದ ಹೊರಗಿನ ತೆಳುಗೆಂಪು ಪೊರೆ, ಒಳಗಿನ ಕಡುಗೆಂಪು ಪೊರೆ ಕೂಡುವ ಅಂಚಿನಲ್ಲಿ. ಒಳಗೆ ಕಾಣುವಂತೆ ಯೋನಿ ಅಗಲಿಸುವ ಸ್ಪೆಕ್ಯುಲಮ್ ಹಾಕಿ, ಲೋಳೆ ಒರೆಸಿ, ಮೊದಲು ಆ ಅಂಚನ್ನು ಸುತ್ತಲೂ ನೋಡಿಕೊಳ್ಳಬೇಕು. ಆಮೇಲೆ ಆಸಿಡ್‌ನಲ್ಲಿ ಅದ್ದಿದ ಹತ್ತಿ ಒತ್ತಿಹಿಡಿದು ಪೂರ್ತಿ ಒಂದು ನಿಮಿಷ ಕಾಯಬೇಕು. ಎಲ್ಲರೂ ಎಡವುವುದು ಇಲ್ಲೇ. ಹೊರಗೆ ಸಾಲು ಉದ್ದವಾದಂತೆ ಒಳಗೆ ನಿಮಿಷ ಗಿಡ್ಡವಾಗುತ್ತದೆ, ಇಪ್ಪತ್ತು ಸೆಕೆಂಡಿಗೆ "ನಾರ್ಮಲ್" ಎಂದು ಬರೆದುಬಿಡುತ್ತಾರೆ. ಗೋಡೆಯ ಗಡಿಯಾರ ಕಣ್ಣೆದುರಿಗೇ ಇರಲಿ. ಕರೆಂಟ್ ಹೋಗಿ ಹಳದಿ ಬೆಳಕಿನ ಬ್ಯಾಟರಿಯಲ್ಲಿ ನೋಡಿದರೂ ಮೋಸ, ಬಿಳಿ ಬೆಳಕೇ ಬೇಕು.

ಬಿಳಿಯಾಗಿ ಕಂಡದ್ದೆಲ್ಲ ಕಲೆಯಲ್ಲ. ಅಂಚಿನುದ್ದಕ್ಕೂ ತೆಳುವಾದ ಬಿಳಿ ಗೆರೆ, ಅಂಚಿಗೆ ತಾಗದೆ ದೂರದಲ್ಲಿರುವ ಮಬ್ಬು ಬಿಳುಪು, ಸಣ್ಣ ಗುಳ್ಳೆ ಇವು ನೆಗೆಟಿವ್. ದಟ್ಟವಾಗಿ, ಕೆನೆ ಕಟ್ಟಿದಂತೆ ಮೇಲೆದ್ದು, ಗಡಿ ಸ್ಪಷ್ಟವಾಗಿದ್ದು ಆ ಅಂಚಿಗೆ ಅಂಟಿಕೊಂಡಿದ್ದರೆ ಪಾಸಿಟಿವ್. ಮುಟ್ಟು ನಿಂತವರಲ್ಲಿ ಆ ಅಂಚು ಒಳಗೆ ಸರಿದಿರುತ್ತದೆ. ಅದು ಕಾಣದಿದ್ದರೆ "ಕಾಣಲಿಲ್ಲ" ಎಂದೇ ಬರೆಯಬೇಕು, ನಾರ್ಮಲ್ ಎಂದಲ್ಲ.

ತಾಂಡಾದ ಆ ಹೆಣ್ಣುಮಗಳಿಗೆ ಸೋಂಕಷ್ಟೇ ಇತ್ತು, ಮಾತ್ರೆ ಕೊಟ್ಟು ಕಳಿಸಿದ್ದಾಯಿತು. ಕಲೆ ಕಂಡದ್ದು ಏನೂ ತೊಂದರೆ ಹೇಳದೆ, ನೆರೆಮನೆಯಾಕೆಗೆ ಜೊತೆಯಾಗಿ ಬಂದಿದ್ದ ಒಬ್ಬರಲ್ಲಿ: ಗರ್ಭಕಂಠವನ್ನು ಗಡಿಯಾರದ ಮುಖವೆಂದುಕೊಂಡರೆ 11ರಿಂದ 2ರವರೆಗೆ. ಕಲೆ ಗರ್ಭಕಂಠದ ಮುಕ್ಕಾಲು ಭಾಗ ಮೀರಿರಲಿಲ್ಲ, ಅದರ ಒಳಗಿನ ಕಾಲುವೆಗೆ ಹೋಗಿರಲಿಲ್ಲ, ಕ್ಯಾನ್ಸರ್‌ನ ಅನುಮಾನವೂ ಇರಲಿಲ್ಲ. ಇಷ್ಟಿದ್ದರೆ ಕಲೆಯನ್ನು ಕಾವಿನಿಂದ ಸುಡುವ ಥರ್ಮಲ್ ಅಬ್ಲೇಷನ್ ಅಂದೇ ಮಾಡಬಹುದು: 100 ಡಿಗ್ರಿಗೆ ಕಾಯ್ದ ಪ್ರೋಬನ್ನು 20–30 ಸೆಕೆಂಡು ಒತ್ತಿಹಿಡಿಯುವುದು. ಮುಟ್ಟಿನ ಹೊಟ್ಟೆನೋವಿನಷ್ಟು ನೋವು ಆಗಬಹುದು. ಆಮೇಲೆ ಕೆಲವು ವಾರ ನೀರಿನಂತೆ ಹೋಗುತ್ತದೆ, ಇದನ್ನು ಮೊದಲೇ ಹೇಳದಿದ್ದರೆ ಹೆದರಿ ಮತ್ತೆ ಅದೇ ಪ್ಯಾಟಿ ದವಾಖಾನೆಗೆ ಓಡುತ್ತಾರೆ. ಒಂದು ತಿಂಗಳು ಗಂಡನ ಸಂಗ ಬೇಡ. ಚೀಲ ಇದ್ದಲ್ಲೇ ಇರುತ್ತದೆ.

ಕಲೆ ದೊಡ್ಡದಾಗಿದ್ದರೆ ಅಥವಾ ಒಳಗೆ ಹೋಗಿದ್ದರೆ ಕಾಲ್ಪೊಸ್ಕೋಪಿ (ದೊಡ್ಡದಾಗಿ ತೋರಿಸುವ ಮಸೂರದಲ್ಲಿ ನೋಡುವುದು), ಲೀಪ್ (ವಿದ್ಯುತ್ ತಂತಿಯ ಕುಣಿಕೆಯಿಂದ ಕಲೆ ಕತ್ತರಿಸಿ ತೆಗೆಯುವುದು) ಬೇಕಾಗುತ್ತದೆ, ದೊಡ್ಡ ಆಸ್ಪತ್ರೆಗೆ ಬರೆದುಕೊಡಬೇಕು. ಹುಣ್ಣು, ಮುಟ್ಟಿದರೆ ರಕ್ತ ಬರುವ ಗಡ್ಡೆ ಕಂಡರೆ ಆಸಿಡ್ ಪರೀಕ್ಷೆಯ ಮಾತೇ ಇಲ್ಲ, ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿಗೆ ಕಳಿಸಬೇಕು. ಕ್ಯಾನ್ಸರ್ ಎಂದೇ ಆದರೆ ಕಿದ್ವಾಯಿ ಸಂಸ್ಥೆಯ ಕಲಬುರಗಿ ಕೇಂದ್ರವಿದೆ, ಬೆಂಗಳೂರಿಗೇ ಹೋಗಬೇಕೆಂದಿಲ್ಲ.

ಆದರೂ ಆಸಿಡ್ ಪರೀಕ್ಷೆ ನೋಡುವವರ ಕಣ್ಣಿನ ಮೇಲೆ ನಿಂತದ್ದು. ಆಳಂದದ ಗಡಿಗೇ ಹತ್ತಿದ ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗ ಧಾರಾಶಿವ) ಜಿಲ್ಲೆಯಲ್ಲಿ 30–59 ವಯಸ್ಸಿನ 1,31,746 ಹೆಂಗಸರ ಮೇಲೆ ಅಧ್ಯಯನ ನಡೆದು 2009ರಲ್ಲಿ ಪ್ರಕಟವಾಯಿತು. ಒಂದೇ ಸಲದ ಎಚ್‌ಪಿವಿ ಪರೀಕ್ಷೆಯಿಂದ ಗರ್ಭಕಂಠ ಕ್ಯಾನ್ಸರ್ ಸಾವು ಅರ್ಧದಷ್ಟು ಇಳಿಯಿತು. ಆಸಿಡ್ ಪರೀಕ್ಷೆಯ ಗುಂಪಿನಲ್ಲಿ ಅಂಥ ಇಳಿಕೆ ಕಾಣಲಿಲ್ಲ. ಇಷ್ಟು ಹತ್ತಿರದ ಸಾಕ್ಷಿ ಇದ್ದೂ ಎಚ್‌ಪಿವಿ ಪರೀಕ್ಷೆ ಹಳ್ಳಿಗೆ ಬರಲು ತಡವಾಗುತ್ತಿರುವುದು ಬೇಸರದ ಸಂಗತಿ. ಮಾದರಿಯನ್ನು ಹೆಂಗಸರು ತಾವೇ ತೆಗೆದುಕೊಡಬಹುದು, ನಾಚಿಕೆಯ ತಕರಾರೂ ತಪ್ಪುತ್ತದೆ. 9–14ರ ಹೆಣ್ಣುಮಕ್ಕಳಿಗೆ ಲಸಿಕೆ ಹಾಕಿಸಬೇಕು. ಇರುವ ಸೋಂಕನ್ನು ಅದು ತೆಗೆಯದು, ಹಾಗಾಗಿ ತಾಯಂದಿರಿಗೆ ತಪಾಸಣೆ ತಪ್ಪಿದ್ದಲ್ಲ.

ಸಂಜೆ ಉಳಿಯುವುದು ರಿಜಿಸ್ಟರ್ ಕೆಲಸ. ಚಿಕಿತ್ಸೆ ಆದವರು ವರ್ಷಕ್ಕೆ ಮತ್ತೆ ಬರಬೇಕು. ಅವರು ಬರೆಸುವ ಮೊಬೈಲ್ ನಂಬರ್ ಹೆಚ್ಚಾಗಿ ಗಂಡನದು, ಅವನು ಪುಣೆಯಲ್ಲೋ ಮುಂಬೈಯಲ್ಲೋ. ಅದಕ್ಕೇ ನಂಬರ್ ಪಕ್ಕದಲ್ಲಿ ಓಣಿಯ ಆಶಾ ಕಾರ್ಯಕರ್ತೆಯ ಹೆಸರು ಬರೆಯಬೇಕು, ಬರಬೇಕಾದ ತಿಂಗಳನ್ನೂ ತೊಗರಿ ರಾಶಿ ಆದ ಮೇಲಿನದಾಗಿ ಹಾಕಬೇಕು.