ಧಾರಾವಾಹಿ ಬರೆಯುವವಳಿಗೆ ಹೋರಾಟ ಎಂತಕ್ಕೆ?

ಶಿರಸಿ ಕಡೆ ಯಾರ ಮನೆಯ ಕಾರ್ಯಕ್ಕೆ ಹೋದರೂ ಊಟದ ಪಂಕ್ತಿಯಲ್ಲಿ ಈ ಮಾತು ಬಂದೇ ಬರುತ್ತದೆ. "ಟಿವಿಗೆ ಸಂಭಾಷಣೆ ಬರೆದು ಚೆನ್ನಾಗಿ ಇದ್ದೀಯಲ್ಲ, ಈ ಹೋರಾಟ ಎಲ್ಲ ಎಂತಕ್ಕೆ ಮಾರಾಯ್ತಿ?" ಕೇಳುವವರಿಗೆ ನನ್ನ ಮೇಲೆ ಪ್ರೀತಿ ಇದೆ. ಅದಕ್ಕೇ ಸರಿಯಾದ ಉತ್ತರ ಕೊಡಬೇಕು ಅನ್ನಿಸಿತು.

ನಾನು ಟ್ರಾನ್ಸ್ ಮಹಿಳೆ, ಅಂದರೆ ಹುಟ್ಟಿದಾಗ ಗಂಡು ಅಂತ ಬರೆಸಿದರೂ ಹೆಣ್ಣಾಗಿ ಬದುಕುವವಳು. ನನ್ನಂಥವರು ಧಾರಾವಾಹಿಯಲ್ಲಿ ಹೆಚ್ಚಾಗಿ ಎಲ್ಲಿ ಬರುತ್ತಾರೆ ನೋಡಿ. ಮದುವೆ ಮನೆ, ತೊಟ್ಟಿಲ ಶಾಸ್ತ್ರ, ಇಲ್ಲವೇ ಟ್ರಾಫಿಕ್ ಸಿಗ್ನಲ್. ಚಪ್ಪಾಳೆ ತಟ್ಟಿ, ನಾಯಕಿಗೆ ಒಳ್ಳೇದಾಗಲಿ ಅಂತ ಹರಸಿ ಹೋಗುತ್ತಾರೆ. ಅವಳಿಗೊಂದು ಹೆಸರೂ ಇರುವುದಿಲ್ಲ. ಅವಳಿಗೆ ಬಾಡಿಗೆ ಮನೆ ಕೊಟ್ಟವರು ಯಾರು? ರೇಷನ್ ಕಾರ್ಡ್ ಇದೆಯಾ? ಜ್ವರ ಬಂದರೆ ಗಂಜಿ ಕಾಸಿ ಕೊಡುವವರು ಯಾರು? ಇದು ಗೊತ್ತಿಲ್ಲದೆ ಅವಳ ಮಾತನ್ನು ಬರೆಯುವುದಾದರೂ ಹೇಗೆ?

ಅಮೆರಿಕದ ಜಾನೆಟ್ ಮಾಕ್ ನನಗೆ ತುಂಬಾ ಇಷ್ಟ. ಅವರೂ ಟ್ರಾನ್ಸ್ ಮಹಿಳೆ, ಪತ್ರಕರ್ತೆ, ಹೋರಾಟಗಾರ್ತಿ. 2018ರಲ್ಲಿ ಶುರುವಾದ 'ಪೋಸ್' ಧಾರಾವಾಹಿಗೆ ಬರೆದರು, ನಿರ್ದೇಶನವನ್ನೂ ಮಾಡಿದರು. ಮನೆಯಿಂದ ಹೊರಬಿದ್ದ ಮಕ್ಕಳನ್ನು ಸಾಕುವ ತಾಯಂದಿರ ಕಥೆ ಅದು. ಆ ತಾಯಂದಿರಾಗಿ ನಟಿಸಿದವರೂ ಟ್ರಾನ್ಸ್ ಕಲಾವಿದರೇ.

ನನಗೆ ಇಂಥ ಕಥೆಗಳು ಸಿಗುವುದು ನನ್ನಂಥವರಿಗೆ ಗುರುತಿನ ಪ್ರಮಾಣಪತ್ರದ ಅರ್ಜಿ ತುಂಬಿಸಿ ಕೊಡುವಾಗ. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್, ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ (ನಾಲ್ಸಾ) ಹಾಕಿದ ಕೇಸಿನಲ್ಲಿ ತೀರ್ಪು ಕೊಟ್ಟಿತು. ನಾನು ಯಾರು ಅಂತ ಹೇಳಿಕೊಳ್ಳುವ ಹಕ್ಕು ನನ್ನದೇ ಎಂದಿತು. ಟ್ರಾನ್ಸ್ ಜನರ ಹಕ್ಕುಗಳ ರಕ್ಷಣೆಗೆ ಬಂದ 2019ರ ಕಾಯ್ದೆ ಗುರುತಿನ ಪ್ರಮಾಣಪತ್ರ ಕೊಡುವ ಕೆಲಸವನ್ನು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಒಪ್ಪಿಸಿತು. ನಮ್ಮ ಜಿಲ್ಲೆಯವರಿಗೆ ಅದು ಕಾರವಾರದ ಡಿಸಿ ಕಚೇರಿ. 2020ರ ನಿಯಮ 30 ದಿನದ ಗಡುವನ್ನೂ ಹಾಕಿತು. ಕಾಗದದ ಮೇಲೆ ಎಲ್ಲ ಸಲೀಸು. ಆದರೆ ಮನೆಯವರು ಹೊರಗೆ ಹಾಕಿದ ಹುಡುಗಿಯ ಶಾಲೆಯ ಟಿಸಿ ಅಪ್ಪನ ಬೀರುವಿನಲ್ಲಿ ಇರುತ್ತದೆ. ಆನ್‌ಲೈನ್ ಅರ್ಜಿಗೆ ಒಂದು ತಕರಾರು ಬಂದರೂ ಸಾಕು, ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾ, ಅಂಕೋಲಾ ದಾಟಿ ಕಾರವಾರ ಮುಟ್ಟಬೇಕು. ಅವತ್ತಿನ ಕೂಲಿ ಹೋಯಿತು. ಬಸ್ಸಿನಲ್ಲಿ ಜೊತೆಗೆ ಕೂತಾಗ ಅರ್ಜಿ ಹಾಕಿದವರು ಮಾತಾಡುತ್ತಾರೆ. ಅಮ್ಮ ಕದ್ದು ಫೋನ್ ಮಾಡುವುದು, ತಮ್ಮನ ಮದುವೆಗೆ ಬರಬೇಡ ಅಂದಿದ್ದು, ಆದರೂ ಸೀರೆ ಕಳಿಸಿದ್ದು. ಇದ್ಯಾವುದೂ ಸುಮ್ನೆ ಕೂತು ಯೋಚಿಸಿದರೆ ಹೊಳೆಯುವಂಥದ್ದಲ್ಲ.

ಇನ್ನು ಕೆಲವು ಕೆಲಸ ಧಾರಾವಾಹಿಯಿಂದ ಆಗುವುದೇ ಇಲ್ಲ. ನಮ್ಮ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದವನಿಗೆ 2019ರ ಕಾಯ್ದೆ ಬರೆದಿಟ್ಟ ಶಿಕ್ಷೆ 6 ತಿಂಗಳಿಂದ 2 ವರ್ಷ. ಮಹಿಳೆಯ ಮೇಲಿನ ಅತ್ಯಾಚಾರಕ್ಕೆ ಕನಿಷ್ಠ 10 ವರ್ಷ. ನಮ್ಮ ನೋವಿಗೆ ಇಷ್ಟು ಕಡಿಮೆ ಬೆಲೆ ಕಟ್ಟಿದ್ದನ್ನು ನಾನು ಒಪ್ಪುವುದಿಲ್ಲ. ಎಷ್ಟೇ ಒಳ್ಳೆಯ ಎಪಿಸೋಡ್ ಬರೆದರೂ ಕಾಯ್ದೆಯ ಆ ಸಾಲು ಅಳಿಸುವುದಿಲ್ಲ. ಅದಕ್ಕೆ ಸಹಿ ಸಂಗ್ರಹಿಸಬೇಕು, ಸಂಸದರನ್ನು ಕಾಣಬೇಕು, ಬೀದಿಗೂ ಇಳಿಯಬೇಕು.