ಸ್ಪೇನಿನ ಆರೊ ಊರಿಗೆ ವೈನ್ ನೋಡಲು ಹೋಗುವವರಿಗೆ

ಮೊದಲು ಹೆಸರು. ಬರೆಯುವಾಗ ಮುಂದೆ ಹೆಚ್ ಇದೆ, ಆದರೆ ಸ್ಪೇನಿನವರು ಅದನ್ನು ನುಂಗಿಬಿಡುತ್ತಾರೆ. ಬಿಲ್ಬಾವೊ ಬಸ್ ನಿಲ್ದಾಣದಲ್ಲಿ ನಾನು ಎರಡು ಸಲ "ಹಾರೊ" ಎಂದೆ, ಯಾರಿಗೂ ಅರ್ಥವಾಗಲಿಲ್ಲ. "ಆರೊ" ಎಂದ ಮೇಲೆ ಟಿಕೆಟ್ ಸಿಕ್ಕಿತು. ಅಲ್ಲಿಂದ ಬಸ್ಸಿನಲ್ಲಿ ಒಂದು ಗಂಟೆ ಚಿಲ್ಲರೆ ದಾರಿ.

ರಿಯೋಹಾ ಸೀಮೆಯ ಈ ಸಣ್ಣ ಊರಿನಲ್ಲಿ ರೈಲ್ವೆ ಸ್ಟೇಷನ್ ಸುತ್ತಲೇ ಹಳೇ ವೈನರಿಗಳು ಒತ್ತೊತ್ತಾಗಿ ಇವೆ. 19ನೇ ಶತಮಾನದಲ್ಲಿ ಫಿಲಾಕ್ಸೆರಾ ಎಂಬ ಹುಳ ಫ್ರಾನ್ಸಿನ ದ್ರಾಕ್ಷಿ ತೋಟಗಳನ್ನು ಹಾಳು ಮಾಡಿತು. ಅಲ್ಲಿನ ಬೋರ್ದೊ ಸೀಮೆಯ ವ್ಯಾಪಾರಿಗಳು ವೈನ್ ಹುಡುಕಿಕೊಂಡು ಇಲ್ಲಿಗೆ ಬಂದರು. ಪೀಪಾಯಿಗಳನ್ನು ರೈಲಿಗೆ ಹತ್ತಿಸಬೇಕಲ್ಲ, ಸ್ಟೇಷನ್ ಪಕ್ಕದಲ್ಲೇ ಇದ್ದರೆ ಸುಲಭ ಅಲ್ವಾ?

ನಾನು ಹೋಗಿದ್ದು ಲೋಪೆಸ್ ದೆ ಎರೆದಿಯಾ ವೈನರಿಗೆ. 1877ರಲ್ಲಿ ಶುರುವಾಗಿದ್ದು, ಈಗಲೂ ಅದೇ ಮನೆತನದ ಕೈಯಲ್ಲಿದೆ. ಇದಕ್ಕೆ ಮುಂಚೆಯೇ ಬುಕ್ ಮಾಡಲೇಬೇಕು. ಒಂದು ದಿನಕ್ಕೆ ಮೂರು ವೈನರಿ ನೋಡುವ ಆಸೆ ಬಿಡಿ. ನಾನು ಮಧ್ಯಾಹ್ನ ಎರಡೂವರೆಗೆ ಇನ್ನೊಂದನ್ನು ನೋಡೋಣ ಅಂತ ಹೊರಟೆ. ಊರೆಲ್ಲ ಬಾಗಿಲು ಹಾಕಿ ಮಲಗಿತ್ತು. ಐದು ಗಂಟೆವರೆಗೆ ಕಟ್ಟೆ ಮೇಲೆ ಕೂತಿದ್ದೆ.

ಲೋಪೆಸ್ ದೆ ಎರೆದಿಯಾ ಬಾಗಿಲಲ್ಲೇ ವಾಸ್ತುಶಿಲ್ಪಿ ಜಹಾ ಹದೀದ್ ವಿನ್ಯಾಸ ಮಾಡಿದ ಹೊಳೆಯುವ ಅಂಗಡಿ ಇದೆ. ವೈನ್ ಹೂಜಿಯ ಆಕಾರ. ಅದರೊಳಗೆ 1910ರ ಬ್ರಸೆಲ್ಸ್ ವಸ್ತುಪ್ರದರ್ಶನಕ್ಕೆ ಮಾಡಿಸಿದ್ದ ಮರದ ಮಳಿಗೆಯನ್ನು ಹಾಗೇ ಇಟ್ಟಿದ್ದಾರೆ. ನನಗೆ ಹೊರಗಿನ ಹೂಜಿಗಿಂತ ಒಳಗಿನ ಮರವೇ ಚೆಂದ ಕಂಡಿತು.

ನೆಲಮಾಳಿಗೆಗೆ ಇಳಿಯುವಾಗ ಬೇಸಿಗೆಯಲ್ಲೂ ಸ್ವೆಟರ್ ಬೇಕು. ಬಂಡೆ ಕೊರೆದು ಮಾಡಿದ ಸುರಂಗಗಳು, ಎರಡೂ ಕಡೆ ಪೀಪಾಯಿ. ಪೀಪಾಯಿ ಮಾಡುವ ಬಡಗಿಗಳೂ ಇವರ ಬಳಿಯೇ ಇದ್ದಾರೆ. ಹಳೇ ಬಾಟಲಿಗಳ ಮೇಲೆ ಕಪ್ಪು ಬೂಸ್ಟು, ಮೇಲಿಂದ ಜೇಡರ ಬಲೆ ಹರಿದ ಸೊಳ್ಳೆಪರದೆಯ ಥರ ಜೋತಾಡುತ್ತದೆ. ಗುಡಿಸುವುದಿಲ್ಲ, ಬೇಕಂತಲೇ. ಕಾರ್ಕ್ ಕೊರೆಯುವ ಪತಂಗಗಳನ್ನು ಜೇಡ ತಿನ್ನುತ್ತದೆ. ಅಮ್ಮ ನೋಡಿದ್ದರೆ ಪೊರಕೆ ಕೇಳುತ್ತಿದ್ದರು.

ರಿಯೋಹಾದಲ್ಲಿ ಕೆಂಪು ವೈನಿಗೆ "ರೆಸೆರ್ವಾ" ಅನ್ನಿಸಿಕೊಳ್ಳಲು ಮೂರು ವರ್ಷ ಮಾಗಿಸಿದರೆ ಸಾಕು, ಅದರಲ್ಲಿ ಒಂದು ವರ್ಷ ಪೀಪಾಯಿಯಲ್ಲಿ. ಇವರ ತೊಂದೋನಿಯಾ ಎಂಬ ರೆಸೆರ್ವಾ ಆರು ವರ್ಷ ಪೀಪಾಯಿಯಲ್ಲೇ ಕೂರುತ್ತದೆ, ಆಮೇಲೆ ಬಾಟಲಿಯಲ್ಲಿ ಇನ್ನಷ್ಟು ವರ್ಷ. ಹಾಗಾಗಿ ಗಾಢ ಕೆಂಪು ಬಣ್ಣ ಹುಡುಕಬೇಡಿ. ಗ್ಲಾಸಿನ ಅಂಚಿನಲ್ಲಿ ಹಂಚಿನ ಬಣ್ಣ. ಒಣಗಿದ ಕಿತ್ತಳೆ ಸಿಪ್ಪೆ, ಅಂಜೂರ, ಅಜ್ಜಿಯ ಮರದ ಪೆಟ್ಟಿಗೆ ತೆರೆದಾಗಿನ ವಾಸನೆ. ಮೊದಲ ಗುಟುಕು ಬರೀ ಹುಳಿ ಅನ್ನಿಸಿತು. ಹತ್ತು ನಿಮಿಷ ಸುಮ್ನೆ ಬಿಟ್ಟು ಮತ್ತೆ ಕುಡಿದೆ, ಆಗ ಬೇರೆಯೇ ಆಗಿತ್ತು. ಒಂದು ಮಾತು: ವೈನ್ ತಿಳಿಗೊಳಿಸಲು ಇವರು ಮೊಟ್ಟೆಯ ಬಿಳಿ ಬಳಸುತ್ತಾರೆ. ಮೊಟ್ಟೆ ಮುಟ್ಟದವರು ಗಮನಿಸಿ.

ಸಸ್ಯಾಹಾರಿಗಳಿಗೆ ಊಟ ಸ್ವಲ್ಪ ಕಷ್ಟ. ಆಲೂಗಡ್ಡೆ ಸಾರು ಅಂತ ಖುಷಿಪಡಬೇಡಿ, ಅದರಲ್ಲಿ ಹಂದಿ ಸಾಸೇಜ್ ಇರುತ್ತದೆ. ಆಲೂಗಡ್ಡೆ ಆಮ್ಲೆಟ್ (ಮೊಟ್ಟೆ ತಿನ್ನುವವರಿಗೆ), ಸುಟ್ಟ ಕೆಂಪು ದೊಣ್ಣೆ ಮೆಣಸಿನಕಾಯಿ, ಬ್ರೆಡ್ ಸಿಗುತ್ತವೆ. ಜೂನ್ 29ರಂದು ಇಲ್ಲಿ ಒಬ್ಬರ ಮೇಲೊಬ್ಬರು ವೈನ್ ಎರಚಾಡುವ ಹಬ್ಬ. ಹೋಳಿ ಇಷ್ಟವಿದ್ದರೆ ಹೋಗಿ, ನೆಮ್ಮದಿಯಾಗಿ ನೆಲಮಾಳಿಗೆ ನೋಡಬೇಕಿದ್ದರೆ ಆ ವಾರ ಬೇಡ.

ತರುವಾಗ ಲೆಕ್ಕ ನೆನಪಿರಲಿ. ಭಾರತಕ್ಕೆ ಸುಂಕವಿಲ್ಲದೆ ತಲೆಗೆ 2 ಲೀಟರ್ ತರಬಹುದು. 750 ಮಿಲಿಯ ಬಾಟಲಿ ಎರಡಾದರೆ ಸರಿ, ಮೂರಾದರೆ ಮೀರಿತು. ಕ್ಯಾಬಿನ್ ಬ್ಯಾಗಿಗೆ ಹಾಕಬೇಡಿ, ಸೆಕ್ಯುರಿಟಿಯಲ್ಲಿ ಬಿಡುವುದಿಲ್ಲ. ನಾನು ಪಂಚೆಯಲ್ಲಿ ಸುತ್ತಿ ಸೂಟ್‌ಕೇಸಿನ ನಡುವೆ ಇಟ್ಟೆ, ಬೆಂಗಳೂರಿನವರೆಗೆ ಏನೂ ಆಗಲಿಲ್ಲ. ಮನೆಯಲ್ಲಿ ನಾನೇ ಅವಸರ ಮಾಡಿ ಕಾರ್ಕನ್ನು ಅರ್ಧಕ್ಕೆ ಮುರಿದೆ. ಟೀ ಸೋಸುವ ಜರಡಿ ಹಿಡಿದು ಬಗ್ಗಿಸಿಕೊಂಡೆವು.