ಅರ್ಧ ಸೂರ್ಯ

ಇವತ್ತು ಸಂಜೆ ಕುಂದವಾಡ ಕೆರೆ ಏರಿ ಮೇಲೆ ವಾಕಿಂಗ್ ಹೋಗಿದ್ದೆ. ಗಾಳಿ ಇರಲಿಲ್ಲ, ನೀರು ಅಲುಗಾಡದೆ ನಿಂತಿತ್ತು. ಸೂರ್ಯ ಅರ್ಧ ಮುಳುಗಿದ್ದ. ಉಳಿದರ್ಧ ನೀರಲ್ಲಿತ್ತು. ಎರಡೂ ಸೇರಿ ದುಂಡಗೆ, ಒಳ್ಳೆ ಕುಂಕುಮದ ಬೊಟ್ಟು.

ತಕ್ಷಣ ಕಲಾವಿದ ಓಲಾಫರ್ ಎಲಿಯಾಸನ್ ನೆನಪಾದರು. 2003ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಕಲಾ ಸಂಗ್ರಹಾಲಯದಲ್ಲಿ ಅವರು ಕಟ್ಟಿದ್ದೂ ಅರ್ಧ ಸೂರ್ಯನನ್ನೇ. ಹಳದಿ ದೀಪಗಳು, ತೆಳು ಮಂಜು, ಚಾವಣಿ ತುಂಬ ಕನ್ನಡಿ. ಉಳಿದರ್ಧ ಕನ್ನಡಿಯೇ ತುಂಬಿಕೊಟ್ಟಿತು. ಜನ ನೆಲದ ಮೇಲೆ ಅಂಗಾತ ಮಲಗಿ ನೋಡಿದರು.

ಅದಕ್ಕೂ ಮೊದಲು, 1997ರಲ್ಲಿ, ಇನ್ನೊಂದು ಕೃತಿಯಲ್ಲಿ ಎಲಿಯಾಸನ್ ಚಾವಣಿಯಿಂದ ಒಂದು ಫ್ಯಾನ್ ಇಳಿಬಿಟ್ಟಿದ್ದರು. ತನ್ನದೇ ಗಾಳಿಗೆ ಅದು ತೂಗಾಡುತ್ತೆ, ಅಷ್ಟೇ. ನನಗೆ ಅದೇ ಜಾಸ್ತಿ ಇಷ್ಟ.

ಪಕ್ಕದಲ್ಲಿ ಅಜ್ಜ ಒಬ್ಬರು ನಿಂತಿದ್ದರು. "ಚಂದ ಐತಲ್ಲಪ್ಪ?" ಅಂದರು. ಹೂಂ ಅಂದೆ.

ಒಂದು ಮೀನು ಎಗರಿತು. ಕೆಳಗಿನರ್ಧ ಚೂರಾಯ್ತು.